ಬಿಟ್ಟುಹೋದ ಒಂದು

ಪೇಟೆಂಟು ಮಂಜೂರಾಗಿ ಹನ್ನೊಂದು ತಿಂಗಳಾದ ಮೇಲೆ
ಕಣ್ಣಿಗೆ ಬಿತ್ತು.
ಮಂಡ್ಯದ ಪೇಟೆಬೀದಿ, ಮಹಡಿಯ ಮೇಲೆ ನಾನು, ಕೆಳಗೆ
ಸೈಕಲ್ ಅಂಗಡಿಯವನು ಟ್ಯೂಬು ನೀರಿಗದ್ದಿ
ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದ.

ಪುಟ ಏಳು, ಮೂರನೆಯ ಕ್ಲೇಮು:
'ತಡೆಹಲಗೆಯು ಒಂಬತ್ತು ಮಿಲಿಮೀಟರು ಹಿಂದೆ ಸರಿದೊಡನೆ
ಗಾಣದ ಮೋಟಾರು ನಿಲ್ಲತಕ್ಕದ್ದು.'
ಹತ್ತೊಂಬತ್ತು.
ಹತ್ತೊಂಬತ್ತು ಆಗಬೇಕಿತ್ತು.
ಚಿತ್ರದಲ್ಲಿ ಹತ್ತೊಂಬತ್ತೇ ಇದೆ, ಗೆರೆ ಎಳೆದವಳು ನಾನೇ.
ಟೈಪು ಮಾಡಿದವಳೂ ನಾನೇ.
ಮೂರು ಸಲ ಓದಿದ್ದೆ. ಚೆನ್ನೈನವರು ಓದಿದ್ದರು.
ಮೊಹರು ಬಿದ್ದು, ಫ್ರೇಮು ಹಾಕಿಸಿ, ಹೊಳಲಿನ ಆಲೆಮನೆಯಲ್ಲಿ
ಅಚ್ಚುಮಣೆಗಳ ಮೇಲುಗಡೆ ತೂಗುಹಾಕಿಯೂ ಆಗಿತ್ತು.

ಒಂಬತ್ತಾದರೆ
ಕಬ್ಬಿನ ಗಿಣ್ಣು ತಗುಲಿದರೂ ಗಾಣ ನಿಲ್ಲುತ್ತದೆ,
ಹಾಲು ಬಾರದೆ ಕೊಪ್ಪರಿಗೆ ಸುಮ್ಮನೆ ಕಾಯುತ್ತದೆ,
ಬೇಸತ್ತವನು ಹಲಗೆಯನ್ನೇ ಬಿಚ್ಚಿ ಮೂಲೆಗೆಸೆಯುತ್ತಾನೆ.
ಆಮೇಲೆ ಕೈ.
ಅದೂ ಅಲ್ಲದೆ ನಾಳೆ ಇನ್ಯಾರೋ
ಹತ್ತೊಂಬತ್ತಕ್ಕೆ ಮಾಡಿ ಮಾರುತ್ತ
'ನಿಮ್ಮದು ಒಂಬತ್ತಲ್ಲವೆ' ಎಂದು ಕಾಗದ ತೋರಿಸಿಯಾರು.

ಬೋರಲಿಂಗಯ್ಯನಿಗೆ ಫೋನು ಮಾಡಲು ಎರಡು ದಿನ ಹಿಡಿಯಿತು.
ಬಂದ. ಅಂಗಿಯ ತೋಳಲ್ಲಿ ಸುಟ್ಟ ಪಾಕದ ವಾಸನೆ.
ಹಳೇ ಗಾಣ ತಿಂದ ಕಿರುಬೆರಳಿನ ಜಾಗವನ್ನು
ಮೇಜಿನ ಮೇಲಿಟ್ಟು ಕೂತ.
ಹೇಳಿದೆ, ಪೇಪರ್‌ವೇಟು ನೋಡುತ್ತ.
ತುಸು ಹೊತ್ತು ಏನನ್ನೋ ಎಣಿಸಿದ. ಆಮೇಲೆ,
'ಕೈಯೆಲ್ಡೇ ಲೆಕ್ಕ ಇಡುದ್ರೆ ನೀವ್ ಬರ್ದಿರಾದೆ ಸರಿ ಕನವ್ವ, ಒಂಬತ್ತು.
ಕಾಲೂ ಸೇರುಸ್ಕಂಡ್ರೆ ನಂದು ಸರಿ, ಹತ್ತೊಂಬತ್ತು.'
ನಕ್ಕ. ನನಗೆ ನಗು ಬರಲಿಲ್ಲ.

ಅರ್ಜಿ ಬರೆಯುತ್ತ ಹೇಳಿದೆ: ಕೊಟ್ಟಾದ ಮೇಲೆ
ಹಿಗ್ಗಿಸುವಂತಿಲ್ಲ ಬೋರಲಿಂಗಯ್ಯ.
ಬೇಲಿ ಒಳಕ್ಕೆ ಸರಿಸಬಹುದು, ಪಕ್ಕದ ಹೊಲಕ್ಕಲ್ಲ.
ಮೊದಲೇ ಇದ್ದದ್ದನ್ನು ಇದ್ದ ಹಾಗೆ ತೋರಿಸಬಹುದು, ಅಷ್ಟೆ.
ಚಿತ್ರ ಎರಡರಲ್ಲಿ ಇದೆ, ಅದಕ್ಕೇ ಬದುಕಿದೆವು.
'ಓದೊರ್ಸ ಎಲ್ಡ್ನೇ ಸ್ಪ್ರಿಂಗು ಆಕಿದ್ನಲ್ಲ, ಅದ ಸೇರ್ಸಕಾಯ್ತದ?'
ಆಗದು. ಅದು ಹೊಸತು.
'ನಮ್ ದೇವೀರಿ ಅವತ್ತು ಸ್ವಿಚ್ಚಿಗೆ ಓಡುದ್ಲಲ್ಲ, ಆ ಮಾತ?'
ಅದಕ್ಕೆ ಕಾಲಮ್ಮಿಲ್ಲ.
ಬೆರಳಿನ ವಿಷಯ ಅವನೆತ್ತಲಿಲ್ಲ.

ಈ ತಿದ್ದುಪಡಿ ಅಳಿಸುವುದಿಲ್ಲ.
ತಪ್ಪಿನ ಮೇಲೊಂದು ಗೆರೆ, ಪಕ್ಕದಲ್ಲಿ ಸರಿ,
ಓದುವವರಿಗೆ ಎರಡೂ ಕಾಣಬೇಕು.
ಸ್ಲೇಟು ಬಿಟ್ಟು ಪುಸ್ತಕ ಹಿಡಿದ ವರ್ಷ
ಎಂಜಲು ಹಚ್ಚಿ ಉಜ್ಜಿ ಉಜ್ಜಿ
ಹಾಳೆ ತೂತು ಮಾಡಿ ಏಟು ತಿಂದವಳು ನಾನು;
ಹೀಗೂ ಒಂದು ರೀತಿಯಿದೆಯೆಂದು
ಐವತ್ತರ ಹತ್ತಿರ ಗೊತ್ತಾಯಿತು.

ತಪ್ಪಾದದ್ದು ಹೇಗೆಂಬಲ್ಲಿ 'ಕಣ್ತಪ್ಪು' ಎಂದು ಬರೆದೆ.
ಆ ಸಂಜೆ ಎರಡು ಸಲ ಕರೆಂಟು ಹೋದದ್ದು,
ನಾದಿನಿಗೆ ಹೆರಿಗೆನೋವೆಂದು ಬಾಗಿಲಲ್ಲಿ ಆಟೋ ಕೂಗಿದ್ದು
ಬರೆಯಲಿಲ್ಲ.
ಕಣ್ಣಿನದೇನು ತಪ್ಪು, ಪಾಪ.
ಶುಲ್ಕ ನಾನೇ ಕಟ್ಟಿದೆ. ಬೇಡವೆಂದವನು
ಮರುದಿನ ಚೀಲದ ತುಂಬ ಅಚ್ಚು ಕಳಿಸಿದ.
ಎಷ್ಟೆಂದು ಎಣಿಸಲಿಲ್ಲ,
ನನ್ನ ಎಣಿಕೆಯ ಮೇಲೆ ನನಗೀಗ ನಂಬಿಕೆ ಕಡಿಮೆ.

ಆದೇಶ ಇನ್ನೂ ಬಂದಿಲ್ಲ.
ನಿನ್ನೆ ಹೊಳಲಿಗೆ ಹೋಗಿದ್ದೆ. ಗಾಣ ನಡೆಯುತ್ತಿತ್ತು,
ದೇವೀರಮ್ಮ ಮೂರು ಮೂರು ಜಲ್ಲೆ ಒಟ್ಟಿಗೆ ಕೊಡುತ್ತ
ಯಾರನ್ನೋ ಬೈಯುತ್ತಿದ್ದಳು.
ಚೀಲದಿಂದ ಸ್ಟೀಲಿನ ಸ್ಕೇಲು ತೆಗೆದೆ,
ಒಂದು ಜಲ್ಲೆಯಿಂದ ಹಲಗೆಯನ್ನು ಮೆಲ್ಲಗೆ ಒತ್ತಿದೆ.
ಹತ್ತು. ಹದಿನಾಲ್ಕು. ಹದಿನೆಂಟು.
ಹತ್ತೊಂಬತ್ತಕ್ಕೆ ಟಕ್ಕೆಂದು ನಿಂತಿತು.
ಅದು ನನ್ನ ಏಳನೆಯ ಪುಟ ಓದಿರಲಿಲ್ಲ.

'ಯಾರದು ನಿಲ್ಸಿದ್ದು?' ದೇವೀರಮ್ಮ ಕೂಗಿದಳು.
ನಾನು, ಎಂದೆ.